ಪಿಕಪ್ ಗಾಡಿಗೆ ತಕ್ಕ ಷಾಕ್ ಅಬ್ಸಾರ್ಬರುಗಳನ್ನು ಆರಿಸಿಕೊಳ್ಳುವ ಕ್ರಮ

ಪೀಠಿಕೆ

ಹೊಲದಲ್ಲಿ ಫಸಲನ್ನು ಚೆನ್ನಾಗಿ ಬೆಳೆಯುವುದು ವ್ಯವಸಾಯದಲ್ಲಿ ಅರ್ಧ ಭಾಗವು. ಬೆಳೆದುದನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದು ಉಳಿದ ಅರ್ಧ ಭಾಗವು. ಹಿಂದೆ ಈ ಎರಡನೆಯ ಕೆಲಸವನ್ನು ಎತ್ತಿನ ಗಾಡಿಯು ಮಾಡುತ್ತಿದ್ದಿತು. ಈಗ ನಮ್ಮ ಗ್ರಾಮಗಳಲ್ಲಿ ಬಹುಮಟ್ಟಿಗೆ ಪಿಕಪ್ ಗಾಡಿಯು ಆ ಸ್ಥಾನಕ್ಕೆ ಬಂದಿದೆ. ಕೋಲಾರದ ಮಂಡಿಗೆ ಹೋಗುವ ಟೊಮೆಟೊ, ಚಿಕ್ಕಬಳ್ಳಾಪುರದ ಸೀಮೆಯ ದ್ರಾಕ್ಷಿ ಮತ್ತು ಹೂವು, ರಾಮನಗರದ ಮಾರುಕಟ್ಟೆಗೆ ಸೇರುವ ರೇಷ್ಮೆಗೂಡು, ಇವೆಲ್ಲವೂ ಹೊಲದ ಬದುವಿನಿಂದ ಮಾರುಕಟ್ಟೆಯ ಬಾಗಿಲಿನವರೆಗೆ ಇಂತಹ ಗಾಡಿಗಳಲ್ಲಿಯೇ ಪ್ರಯಾಣ ಮಾಡುವುದು ಸಾಮಾನ್ಯವು.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿದ ಲುಧಿಯಾನಾ ಸಂಸ್ಥೆಯವರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ನಮ್ಮ ದೇಶದ ಹಣ್ಣು ತರಕಾರಿಗಳಲ್ಲಿ ಕೊಯ್ಲಿನ ತರುವಾಯ ಆಗತಕ್ಕ ನಷ್ಟವು, ಬೆಳೆಯನ್ನು ಅನುಸರಿಸಿ, ನೂರಕ್ಕೆ 4.58ರಿಂದ 15.88ರವರೆಗೆ ಇರುತ್ತದೆ. ಈ ನಷ್ಟವೆಲ್ಲವೂ ಗಾಡಿಯ ಕುಲುಕಾಟದಿಂದಲೇ ಆದುದಲ್ಲ. ಕೊಯ್ಲಿನ ದೋಷ, ಬಿಸಿಲು, ವಿಂಗಡಣೆಯ ಕೊರತೆ, ಮಾರಾಟದ ವಿಳಂಬ ಇವುಗಳೂ ಅದರಲ್ಲಿ ಸೇರಿವೆ. ಆದರೆ ಉಳಿದ ಕಾರಣಗಳನ್ನು ಬಲ್ಲ ರೈತರು ಸಹ, ಕುಲುಕಾಟವನ್ನು ಮಾತ್ರ ರಸ್ತೆಯ ತಪ್ಪೆಂದು ಭಾವಿಸಿ ಸುಮ್ಮನಾಗುವುದುಂಟು. ರಸ್ತೆಯನ್ನು ಸರಿಪಡಿಸುವುದು ಒಬ್ಬನ ಕೈಯಲ್ಲಿಲ್ಲ. ಗಾಡಿಯನ್ನು ಸರಿಪಡಿಸುವುದು ಮಾಲೀಕನ ಕೈಯಲ್ಲಿದೆ. ಗಾಡಿಯೊಡನೆ ಬಂದ ಷಾಕ್ ಅಬ್ಸಾರ್ಬರುಗಳು ಸವೆದ ಮೇಲೆ, ಅಂಗಡಿಯಲ್ಲಿ ದೊರೆಯುವ ಹಲವು ಬಗೆಗಳಲ್ಲಿ ಯಾವುದನ್ನು, ಏತಕ್ಕಾಗಿ, ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗುವುದು.

1. ಕಮಾನು ಪಟ್ಟೆಯ ಕೆಲಸವೂ ಷಾಕ್‌ನ ಕೆಲಸವೂ

ಪಿಕಪ್ ಗಾಡಿಯ ಹಿಂದಿನ ಆಕ್ಸಲ್ಲಿನ ಮೇಲೆ ಸಾಧಾರಣವಾಗಿ ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಕಮಾನು ಇರುತ್ತದೆ. ಅದರ ಪಕ್ಕದಲ್ಲಿ, ಒಂದು ತುದಿಯು ಚಾಸಿಗೂ ಇನ್ನೊಂದು ತುದಿಯು ಆಕ್ಸಲ್ಲಿಗೂ ಸೇರಿದಂತೆ, ಕೊಳವೆಯ ಆಕಾರದ ಷಾಕ್ ಅಬ್ಸಾರ್ಬರು ಇರುತ್ತದೆ. ಇದನ್ನು ವರ್ಕ್‌ಷಾಪಿನವರು ಸಂಕ್ಷೇಪವಾಗಿ ಷಾಕ್ ಎನ್ನುವರು. ನಾವೂ ಮುಂದೆ ಹಾಗೆಯೇ ಕರೆಯುವೆವು.

ಈ ಎರಡರ ಕೆಲಸವು ಬೇರೆ ಬೇರೆ. ಭಾರವನ್ನು ಹೊರುವುದು ಕಮಾನಿನ ಕೆಲಸವು. ಚಕ್ರವು ಉಬ್ಬನ್ನು ಹತ್ತಿದಾಗ ಕಮಾನು ಕುಗ್ಗಿ ಪೆಟ್ಟನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಿಡಿದುದನ್ನು ಮರುಕ್ಷಣವೇ ಹಿಂದಕ್ಕೆ ಕೊಡುತ್ತದೆ. ಹೀಗೆ ಕುಗ್ಗುವುದು, ಚಿಮ್ಮುವುದು, ಮತ್ತೆ ಕುಗ್ಗುವುದು, ಈ ಕುಣಿತವು ತಾನಾಗಿ ಬೇಗನೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಷಾಕ್‌ನ ಕೆಲಸವು. ಷಾಕ್ ಭಾರವನ್ನು ಹೊರುವುದಿಲ್ಲ. ಕಮಾನಿನ ಕುಣಿತವನ್ನು ಅಡಗಿಸುತ್ತದೆ. ಈ ಒಂದು ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡವನು ಗಾಡಿಯ ವಿಷಯದಲ್ಲಿ ದುಡ್ಡನ್ನು ವ್ಯರ್ಥವಾಗಿ ಕಳೆಯುವುದಿಲ್ಲ.

ನಮ್ಮ ಕಡೆಯಲ್ಲಿ ನಡೆಯುವ ದೊಡ್ಡ ತಪ್ಪು ಇಲ್ಲಿಯೇ ಹುಟ್ಟುತ್ತದೆ. ಷಾಕ್ ಸವೆದು ಗಾಡಿಯು ಕುಣಿಯತೊಡಗಿದರೆ, ಮಾಲೀಕನು ಕಮಾನು ಸೋತಿತೆಂದು ತಿಳಿದು, ಅದಕ್ಕೆ ಒಂದೆರಡು ಪಟ್ಟೆಗಳನ್ನು ಹೆಚ್ಚಾಗಿ ಸೇರಿಸುವನು. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಪಟ್ಟೆಗಳು ಹೆಚ್ಚಿದಷ್ಟೂ ಕಮಾನು ಬಿರುಸಾಗುತ್ತದೆ. ಬಿರುಸಾದ ಕಮಾನು ಹೆಚ್ಚು ಬಲದಿಂದ ಚಿಮ್ಮುತ್ತದೆ. ಅದನ್ನು ಅಡಗಿಸಬೇಕಾದ ಷಾಕ್ ಮೊದಲೇ ಸೋತಿರುತ್ತದೆ. ಆದಕಾರಣ ಪಟ್ಟೆ ಸೇರಿಸಿದ ಮೇಲೆ ಗಾಡಿಯು ಎತ್ತರವಾಗಿ ನಿಂತು ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡರೂ, ಮಾಲಿಗೆ ಬೀಳುವ ಪೆಟ್ಟು ಮೊದಲಿಗಿಂತ ಹೆಚ್ಚಾಗುತ್ತದೆ.

2. ಷಾಕ್‌ನ ಒಳರಚನೆ

ಷಾಕ್‌ನ ಒಳಗೆ ಎಣ್ಣೆ ತುಂಬಿದ ಸಿಲಿಂಡರೂ, ಅದರಲ್ಲಿ ಓಡಾಡುವ ಪಿಸ್ಟನ್ನೂ ಇರುತ್ತವೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳೂ ಅವುಗಳನ್ನು ಮುಚ್ಚಿ ತೆರೆಯುವ ತೆಳುವಾದ ವಾಲ್ವುಗಳೂ ಇವೆ. ಚಕ್ರವು ಏರಿಳಿದಂತೆ ಪಿಸ್ಟನ್ನು ಚಲಿಸಿ, ಎಣ್ಣೆಯು ಆ ಕಿರಿದಾದ ದಾರಿಗಳಲ್ಲಿ ನುಗ್ಗಬೇಕಾಗುತ್ತದೆ. ಹಾಗೆ ನುಗ್ಗುವಾಗ ಕುಣಿತದ ಶಕ್ತಿಯು ಬಿಸಿಯಾಗಿ ಮಾರ್ಪಡುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಬಂದ ಗಾಡಿಯ ಷಾಕ್ ಮುಟ್ಟಿದರೆ ಬೆಚ್ಚಗಿರುವುದು ಈ ಕಾರಣದಿಂದಲೇ. ಷಾಕ್ ಕುಗ್ಗುವಾಗ ಒಡ್ಡುವ ತಡೆಯು ಕಡಿಮೆಯಾಗಿಯೂ, ಚಾಚುವಾಗ ಒಡ್ಡುವ ತಡೆಯು ಹೆಚ್ಚಾಗಿಯೂ ಇರುವಂತೆ ಸಾಮಾನ್ಯವಾಗಿ ವಾಲ್ವುಗಳನ್ನು ಏರ್ಪಡಿಸಿರುತ್ತಾರೆ. ಉಬ್ಬನ್ನು ಹತ್ತುವಾಗ ಚಕ್ರಕ್ಕೆ ಎಡೆಗೊಟ್ಟು, ಕಮಾನು ಚಿಮ್ಮುವಾಗ ಅದನ್ನು ಹಿಡಿದು ನಿಧಾನಿಸುವುದೇ ಇದರ ಉದ್ದೇಶವು.

ಕಮಾನಿನ ಪಟ್ಟೆಗಳು ಒಂದನ್ನೊಂದು ಉಜ್ಜುವುದರಿಂದಲೂ ಕುಣಿತವು ಸ್ವಲ್ಪ ಮಟ್ಟಿಗೆ ಅಡಗುತ್ತದೆ. ಅನೇಕ ಪಟ್ಟೆಗಳುಳ್ಳ ಹಳೆಯ ಬಗೆಯ ಕಮಾನಿನಲ್ಲಿ ಈ ಉಜ್ಜುವಿಕೆಯು ಹೆಚ್ಚು. ಎರಡು ಮೂರೇ ಪಟ್ಟೆಗಳುಳ್ಳ, ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಹೊಸ ಬಗೆಯ ಕಮಾನಿನಲ್ಲಿ ಅದು ಕಡಿಮೆ. ಆದುದರಿಂದ ಹೊಸ ಬಗೆಯ ಕಮಾನುಳ್ಳ ಗಾಡಿಯು ಒಳ್ಳೆಯ ಷಾಕ್ ಅನ್ನೇ ಹೆಚ್ಚಾಗಿ ಅವಲಂಬಿಸಿರುತ್ತದೆ.

3. ಕುಲುಕಾಟದಿಂದ ಮಾಲಿಗೆ ಆಗತಕ್ಕ ಹಾನಿ

ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿದಾಗ, ಭಾರದ ಒತ್ತಡವು ಕೆಳಗಿನ ಕ್ರೇಟಿಗೆ ಹೆಚ್ಚಾದುದರಿಂದ, ಅಲ್ಲಿಯ ಹಣ್ಣೇ ಹೆಚ್ಚು ಕೆಡುವುದೆಂದು ಅನೇಕರು ಭಾವಿಸುವರು. ಗಾಡಿಯು ನಿಂತಿದ್ದರೆ ಅದು ನಿಜವು. ಓಡುವ ಗಾಡಿಯಲ್ಲಿ ಹಾಗಲ್ಲ. ಕೆಳಗಿನ ಅದುರಾಟವು ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಗಾಡಿಯು ರಭಸದಿಂದ ಕೆಳಕ್ಕೆ ಇಳಿಯುವಾಗ ಮೇಲಿನ ಕ್ರೇಟಿನ ಹಣ್ಣುಗಳು ಕ್ಷಣಕಾಲ ತಮ್ಮ ತೂಕವನ್ನು ಕಳೆದುಕೊಂಡು ಎದ್ದು, ತಿರುಗಿ, ಪಕ್ಕದ ಹಣ್ಣಿಗೆ ಉಜ್ಜಿ, ಮತ್ತೆ ಬೀಳುತ್ತವೆ. ಇಂತಹ ಸಾವಿರಾರು ಸಣ್ಣ ಪೆಟ್ಟುಗಳಿಂದ ಸಿಪ್ಪೆಯು ಮಾಸಿ ತಿರುಳು ಮೆತ್ತಗಾಗುತ್ತದೆ. ಹಿಂದಿನ ಆಕ್ಸಲ್ಲಿಗಿಂತಲೂ ಹಿಂದಕ್ಕೆ ಚಾಚಿದ ಭಾಗದಲ್ಲಿ ಈ ಏರಿಳಿತವು ಅತ್ಯಧಿಕವು. ಹೀಗಿರುವುದರಿಂದ ಹಿಂಬದಿಯ ಮೇಲಿನ ಸಾಲಿನ ಕ್ರೇಟುಗಳೇ ಗಾಡಿಯ ಸ್ಥಿತಿಯನ್ನು ತಿಳಿಸುವ ಸಾಕ್ಷಿಗಳು.

ಪೆಟ್ಟು ಬಿದ್ದ ಹಣ್ಣು ಮಂಡಿಯಲ್ಲಿ ಇಳಿಸುವ ಹೊತ್ತಿಗೆ ಚೆನ್ನಾಗಿಯೇ ಕಂಡು, ಮಾರನೆಯ ದಿನ ಕಪ್ಪಿಟ್ಟು ನೀರೊಡೆಯಬಹುದು. ಆಗ ಕೊಂಡವನು ಮುಂದಿನ ಸಲ ಆ ಊರಿನ ಮಾಲಿಗೆ ಕೂಗುವ ಬೆಲೆಯನ್ನು ತಗ್ಗಿಸುವನು.

ಇದಲ್ಲದೆ ಇನ್ನೆರಡು ಹಾನಿಗಳುಂಟು. ಸೋತ ಷಾಕ್ ಇರುವ ಗಾಡಿಯ ಚಕ್ರಗಳು ರಸ್ತೆಯನ್ನು ಬಿಟ್ಟು ಬಿಟ್ಟು ಹಾರುವುದರಿಂದ, ಕೆಟ್ಟ ರಸ್ತೆಯಲ್ಲಿ ಬ್ರೇಕು ಹಾಕಿದಾಗ ಗಾಡಿಯು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ತಿರುವಿನಲ್ಲಿ ಜಾರುವ ಸಂಭವವೂ ಇದೆ. ಪ್ರತಿ ದಿನ ಇಂತಹ ಗಾಡಿಯನ್ನು ನಡೆಸುವ ಡ್ರೈವರನಿಗೆ ಸೊಂಟನೋವು ಬರುವ ಸಂಭವವು ಹೆಚ್ಚು. ಹಣ್ಣಿನ ನಷ್ಟವನ್ನು ಇನ್ನೊಂದು ಫಸಲಿನಲ್ಲಿ ತುಂಬಿಕೊಳ್ಳಬಹುದು. ಮನುಷ್ಯನ ಪ್ರಾಣವನ್ನೂ ಬೆನ್ನನ್ನೂ ಹಾಗೆ ತುಂಬಿಕೊಳ್ಳಲಾಗದು.

4. ಕೊಳ್ಳುವುದಕ್ಕೆ ಮೊದಲು ಮಾಡತಕ್ಕ ಪರೀಕ್ಷೆ

ಕುಲುಕಾಟವೆಲ್ಲವೂ ಷಾಕ್‌ನಿಂದಲೇ ಎಂದು ತಿಳಿಯಬಾರದು. ಅಂಗಡಿಗೆ ಹೋಗುವ ಮೊದಲು ಕೆಳಗಿನ ಅಂಶಗಳನ್ನು ಅನುಕ್ರಮವಾಗಿ ನೋಡತಕ್ಕದ್ದು.

(ಅ) ಟೈರಿನ ಗಾಳಿ. ಭಾರ ತುಂಬಿದಾಗ ಇರಬೇಕಾದ ಗಾಳಿಯ ಒತ್ತಡವೂ ಬರಿದಾದಾಗ ಇರಬೇಕಾದ ಒತ್ತಡವೂ ಬೇರೆಯಾಗಿರುವುದುಂಟು. ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಇದನ್ನು ನೋಡಿಕೊಂಡು, ಟೈರು ತಣ್ಣಗಿರುವಾಗ ಅಳೆಯಿಸಬೇಕು. ಗಾಳಿಯು ಮಿತಿಮೀರಿದ ಟೈರು ಕಲ್ಲಿನ ಚಕ್ರದಂತೆ ನಡೆದುಕೊಳ್ಳುತ್ತದೆ. ಮೆತ್ತಗೆ ಓಡಲೆಂದು ಪುಸ್ತಕದ ಅಳತೆಗಿಂತ ಕಡಿಮೆ ಗಾಳಿಯನ್ನು ಇಟ್ಟುಕೊಳ್ಳುವುದೂ ಅಪಾಯಕರವು.

(ಆ) ಕಮಾನು. ಪಟ್ಟೆ ಮುರಿದಿದೆಯೆ, ಯು-ಬೋಲ್ಟು ಸಡಿಲವಾಗಿದೆಯೆ, ಶ್ಯಾಕಲ್ಲಿನ ಬುಷ್ ಸವೆದಿದೆಯೆ ಎಂಬುದನ್ನು ನೋಡಬೇಕು. ಪಟ್ಟೆಗಳ ನಡುವೆ ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ, ಸಣ್ಣ ಉಬ್ಬುಗಳಿಗೆ ಕಮಾನು ಬಾಗುವುದೇ ಇಲ್ಲ. ಆಗ ಎಷ್ಟು ಬೆಲೆಯ ಷಾಕ್ ಹಾಕಿದರೂ ಪ್ರಯೋಜನವಿಲ್ಲ. ಕೀಲೆಣ್ಣೆಯಿಲ್ಲದ ಗಾಡಿಗೆ ಹೊಸ ಎತ್ತನ್ನು ಹೂಡಿದಂತೆ ಆಗುವುದು.

(ಇ) ಷಾಕ್‌ನ ಮೈ. ಅದರ ಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದ ಮಾತ್ರಕ್ಕೆ ಕೆಟ್ಟಿತೆಂದು ಹೇಳಲಾಗದು. ಎಣ್ಣೆಯು ಹರಿದು ಕೆಳಗೆ ತೊಟ್ಟಿಕ್ಕುತ್ತಿದ್ದರೆ, ಕೊಳವೆಯು ನೆಗ್ಗಿದ್ದರೆ, ಸರಳು ಬಾಗಿದ್ದರೆ, ಕಿವಿಯ ರಬ್ಬರು ಹರಿದಿದ್ದರೆ, ಅದನ್ನು ಬದಲಾಯಿಸಲೇಬೇಕು.

(ಈ) ಬಿಸಿಯ ಪರೀಕ್ಷೆ. ಸುಮಾರು ಹತ್ತು ಕಿಲೋಮೀಟರು ಕೆಟ್ಟ ರಸ್ತೆಯಲ್ಲಿ ಗಾಡಿಯನ್ನು ನಡೆಸಿ ನಿಲ್ಲಿಸಿ, ಇಂಜಿನನ್ನು ಆರಿಸಿ, ಒಂದೇ ಆಕ್ಸಲ್ಲಿನ ಎರಡು ಷಾಕ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ, ತಣ್ಣಗಿರುವುದು ಕೆಲಸವನ್ನು ಬಿಟ್ಟಿದೆಯೆಂದು ತಿಳಿಯಬೇಕು. ಸೈಲೆನ್ಸರಿನ ಕೊಳವೆಯು ಪಕ್ಕದಲ್ಲಿದ್ದರೆ ಅದರ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

(ಉ) ಬಿಚ್ಚಿ ನೋಡುವುದು. ಷಾಕ್ ಅನ್ನು ಕಳಚಿ, ಗಾಡಿಯಲ್ಲಿ ಇದ್ದಂತೆಯೇ ನೆಟ್ಟಗೆ ಹಿಡಿದು, ಮೂರು ನಾಲ್ಕು ಸಲ ಎಳೆದು ಒತ್ತಬೇಕು. ತಡೆಯು ಆದ್ಯಂತವೂ ಒಂದೇ ಸಮನಾಗಿರಬೇಕು. ನಡುವೆ ಎಲ್ಲಿಯಾದರೂ ಸಡಿಲಾಗಿ ಜಾರಿದರೆ ಅದು ಸೋತಿದೆ. ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ಪರೀಕ್ಷೆಯು, ಬಿರುಸಾದ ಕಮಾನುಳ್ಳ ಪಿಕಪ್ ಗಾಡಿಯಲ್ಲಿ ನಂಬತಕ್ಕದ್ದಲ್ಲ.

ಟೈರಿನ ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಸವೆತವು ಕಂಡುಬಂದರೂ ಷಾಕ್‌ನ ಮೇಲೆ ಸಂದೇಹಪಡಬೇಕು.

5. ತೂಕದ ಲೆಕ್ಕ

ಷಾಕ್‌ನ ಆಯ್ಕೆಗೆ ಮೂಲಾಧಾರವು ಗಾಡಿಯು ನಿಜವಾಗಿ ಹೊರುವ ತೂಕವು. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಲೆಕ್ಕವು ಸುಲಭವಾಗಲೆಂದು ದುಂಡಾದ ಅಂಕಿಗಳನ್ನು ಇಟ್ಟುಕೊಂಡಿದೆ.

ಒಂದು ಗಾಡಿಯ ಹಿಂದಿನ ಕಮಾನುಗಳ ಮೇಲೆ, ಬರಿದಾಗಿರುವಾಗ, 400 ಕಿಲೋ ಭಾರವಿರಲಿ. ಮಾಲು ತುಂಬಿದ ಮೇಲೆ ಇನ್ನೂ 1,200 ಕಿಲೋ ಸೇರಿ 1,600 ಕಿಲೋ ಆಗಲಿ. ಎರಡು ಕಮಾನುಗಳೂ ಸೇರಿ ಪ್ರತಿ 100 ಕಿಲೋ ಭಾರಕ್ಕೆ ಒಂದು ಸೆಂಟಿಮೀಟರು ಕುಗ್ಗಲಿ. ಹಾಗಾದರೆ ಬರಿಯ ಗಾಡಿಯಲ್ಲಿ ಕಮಾನು 4 ಸೆಂಟಿಮೀಟರೂ, ತುಂಬಿದ ಗಾಡಿಯಲ್ಲಿ 16 ಸೆಂಟಿಮೀಟರೂ ಕುಗ್ಗಿರುತ್ತದೆ. ಬರಿಯ ಗಾಡಿಯ ಹಿಂಬದಿಯು ಸೆಕೆಂಡಿಗೆ ಸುಮಾರು ಎರಡೂವರೆ ಸಲ ಕುಣಿಯಬಯಸುತ್ತದೆ. ತುಂಬಿದ ಗಾಡಿಯು ಸುಮಾರು ಒಂದೂಕಾಲು ಸಲ ಮಾತ್ರ ತೂಗುತ್ತದೆ. ಬರಿಯ ಗಾಡಿಯು ಕಡೆದಂತೆ ಕುಲುಕುವುದೂ, ತುಂಬಿದ ಗಾಡಿಯು ತೊಟ್ಟಿಲಿನಂತೆ ತೂಗುವುದೂ ಇದೇ ಕಾರಣದಿಂದ.

ಇನ್ನು ಷಾಕ್‌ನ ಮಾತು. ಭಾರವು ನಾಲ್ಕು ಪಟ್ಟು ಹೆಚ್ಚಿದಾಗ, ಕುಣಿತವನ್ನು ಅದೇ ಪ್ರಮಾಣದಲ್ಲಿ ಅಡಗಿಸುವುದಕ್ಕೆ ಷಾಕ್‌ನ ತಡೆಯು ಎರಡು ಪಟ್ಟು ಬೇಕಾಗುತ್ತದೆ. ಅಂದರೆ, ಪೂರ್ಣ ಭಾರಕ್ಕೆ ಸರಿಯಾಗಿ ಹೊಂದುವ ಷಾಕ್, ಬರಿಯ ಗಾಡಿಗೆ ಬೇಕಾದುದಕ್ಕಿಂತ ಎರಡು ಪಟ್ಟು ಬಿರುಸು. ಬರಿಯ ಗಾಡಿಗೆ ಹಿತವಾದ ಷಾಕ್, ಪೂರ್ಣ ಭಾರಕ್ಕೆ ಅರ್ಧ ಬಲದ್ದು. ಎರಡಕ್ಕೂ ಪೂರ್ತಿಯಾಗಿ ಹೊಂದತಕ್ಕ ಸಾಧಾರಣ ಷಾಕ್ ಇಲ್ಲವೇ ಇಲ್ಲ. ಎಲ್ಲಾ ರಸ್ತೆಗೂ ಎಲ್ಲಾ ಭಾರಕ್ಕೂ ಇದೊಂದೇ ಸಾಕೆಂದು ಅಂಗಡಿಯವನು ಹೇಳಿದರೆ, ಅದನ್ನು ವ್ಯಾಪಾರದ ಮಾತೆಂದು ತಿಳಿಯತಕ್ಕದ್ದು.

ಆದುದರಿಂದ ಮಾಲೀಕನು ಒಂದು ತಿಂಗಳ ಕಾಲ ಚಿಕ್ಕ ಪುಸ್ತಕದಲ್ಲಿ ಪ್ರತಿ ಸವಾರಿಯ ಭಾರವನ್ನೂ ದೂರವನ್ನೂ ಬರೆದಿಡಬೇಕು. ಟೊಮೆಟೊ ಕ್ರೇಟು ಒಂದಕ್ಕೆ ಹಣ್ಣು 15 ಕಿಲೋ ಎಂದು ಹಿಡಿದರೆ, 80 ಕ್ರೇಟಿಗೆ 1,200 ಕಿಲೋ ಆಗುವುದು. ಬರಿಯ ಕ್ರೇಟುಗಳ ತೂಕವನ್ನೂ, ಹಿಂದೆ ಕುಳಿತ ಆಳುಗಳ ತೂಕವನ್ನೂ ಅನೇಕರು ಮರೆಯುವರು. ಇವುಗಳನ್ನೂ ಸೇರಿಸಬೇಕು. ತಿಂಗಳ ಕೊನೆಯಲ್ಲಿ ಯಾವ ಭಾರದಲ್ಲಿ ಗಾಡಿಯು ಹೆಚ್ಚು ಕಿಲೋಮೀಟರು ಓಡಿದೆಯೆಂಬುದು ಸ್ಪಷ್ಟವಾಗುವುದು. ವರ್ಷಕ್ಕೆ ನಾಲ್ಕು ದಿನ ಹೊರುವ ಅತಿಭಾರಕ್ಕಾಗಿ ಆರಿಸಿದ ಷಾಕ್, ಉಳಿದ ದಿನಗಳಲ್ಲೆಲ್ಲಾ ಗಾಡಿಯನ್ನೂ ಮಾಲನ್ನೂ ಕುಟ್ಟುತ್ತಿರುತ್ತದೆ.

6. ಷಾಕ್‌ಗಳ ಬಗೆಗಳು

ಅಂಗಡಿಗಳಲ್ಲಿ ದೊರೆಯತಕ್ಕ ಷಾಕ್‌ಗಳನ್ನು ಸಾಧಾರಣವಾಗಿ ಐದು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಜೋಡಿ ಕೊಳವೆಯ ಎಣ್ಣೆ ಷಾಕ್. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆಯಿದ್ದು, ನಡುವಿನ ಎಡೆಯಲ್ಲಿ ಹೆಚ್ಚಿನ ಎಣ್ಣೆಯೂ ಅದರ ಮೇಲೆ ಗಾಳಿಯೂ ಇರುತ್ತವೆ. ಬೆಲೆಯು ಕಡಿಮೆ, ಹೊರಗಿನ ಕೊಳವೆಯು ಕಲ್ಲಿನ ಪೆಟ್ಟಿನಿಂದ ಸ್ವಲ್ಪ ನೆಗ್ಗಿದರೂ ಒಳಗಿನ ಪಿಸ್ಟನ್ನಿಗೆ ಕೂಡಲೆ ತೊಂದರೆಯಾಗದು. ಆದರೆ ಕೆಟ್ಟ ರಸ್ತೆಯಲ್ಲಿ ಬಹು ದೂರ ಓಡಿದರೆ ಎಣ್ಣೆಗೆ ಗಾಳಿ ಬೆರೆತು, ಕಡೆದ ಮಜ್ಜಿಗೆಯಂತೆ ನೊರೆಯೇಳುತ್ತದೆ. ನೊರೆಯು ವಾಲ್ವಿಗೆ ತಡೆಯನ್ನು ಕೊಡಲಾರದು. ಹತ್ತಿರದ ಪೇಟೆಗೆ ಸಾಧಾರಣ ಭಾರದೊಡನೆ ಹೋಗಿಬರುವ ಗಾಡಿಗೆ ಇದು ಸಾಕು.

ಎರಡನೆಯದು, ಜೋಡಿ ಕೊಳವೆಯ ಗ್ಯಾಸ್ ಷಾಕ್. ಇದರಲ್ಲಿ ಗಾಳಿಯ ಬದಲು ನೈಟ್ರೋಜನ್ ಅನಿಲವನ್ನು ಮಿತವಾದ ಒತ್ತಡದಲ್ಲಿ ತುಂಬಿರುತ್ತಾರೆ. ಒತ್ತಡದ ದೆಸೆಯಿಂದ ಎಣ್ಣೆಯು ಬೇಗನೆ ನೊರೆಯೇಳುವುದಿಲ್ಲ. ಮಣ್ಣಿನ ರಸ್ತೆಯೂ ಡಾಂಬರು ರಸ್ತೆಯೂ ಬೆರೆತಿರುವ ನಮ್ಮ ಹಳ್ಳಿಗಳ ಸಾಮಾನ್ಯ ಉಪಯೋಗಕ್ಕೆ, ಬೆಲೆ ಮತ್ತು ಗುಣ ಎರಡನ್ನೂ ನೋಡಿದರೆ, ಇದೇ ಹೆಚ್ಚು ಹೊಂದತಕ್ಕದ್ದು.

ಮೂರನೆಯದು, ಒಂಟಿ ಕೊಳವೆಯ ಗ್ಯಾಸ್ ಷಾಕ್. 1950ರ ದಶಕದಲ್ಲಿ ಫ್ರಾನ್ಸಿನ ಬೂರ್ಸಿಯೇ ದ ಕಾರ್ಬಾನ್ ಎಂಬ ವಿಜ್ಞಾನಿಯು ರೂಪಿಸಿದ ಬಗೆಯಿದು. ಎಣ್ಣೆಯನ್ನೂ ಹೆಚ್ಚಿನ ಒತ್ತಡದ ಅನಿಲವನ್ನೂ ಒಂದು ತೇಲುವ ಪಿಸ್ಟನ್ನು ಬೇರ್ಪಡಿಸುತ್ತದೆ. ಬಿಸಿಯು ಬೇಗನೆ ಹೊರಗೆ ಹೋಗುವುದರಿಂದ ದೂರದ ಓಟದಲ್ಲಿಯೂ ಗುಣವು ಕುಂದುವುದಿಲ್ಲ. ಬೆಲೆಯು ಹೆಚ್ಚು, ಹೊರಗಿನ ಕೊಳವೆಯೇ ಸಿಲಿಂಡರಾದುದರಿಂದ ಒಂದು ಕಲ್ಲು ಬಡಿದು ನೆಗ್ಗಿದರೆ ಷಾಕ್ ಕೆಡುವುದು.

ನಾಲ್ಕನೆಯದು, ಬಿಗಿಯನ್ನು ಬದಲಾಯಿಸಬಹುದಾದ ಷಾಕ್. ತುಂಬಿ ಹೋಗುವಾಗ ಬಿಗಿಮಾಡಿ ಬರಿದಾಗಿ ಬರುವಾಗ ಸಡಿಲಿಸಬಹುದು. ಮೇಲೆ ಹೇಳಿದ ಕಷ್ಟಕ್ಕೆ ಇದು ಪರಿಹಾರವು. ಆದರೆ ಪ್ರತಿ ಸವಾರಿಯಲ್ಲಿಯೂ ಮರೆಯದೆ ತಿರುಗಿಸುವ ಶ್ರದ್ಧೆಯುಳ್ಳವರಿಗೆ ಮಾತ್ರ ಇದರಿಂದ ಫಲವುಂಟು.

ಐದನೆಯದು, ಷಾಕ್‌ನ ಮೈಮೇಲೆ ಸುರುಳಿ ಸ್ಪ್ರಿಂಗನ್ನು ಸುತ್ತಿ, ಭಾರವನ್ನು ಹೊರುವುದಕ್ಕೂ ನೆರವಾಗುವುದೆಂದು ಮಾರುವ ಬಗೆ. ಇದನ್ನು ಕೊಳ್ಳುವಾಗ ಬಹಳ ಎಚ್ಚರಿಕೆ ಬೇಕು. ಕುಣಿತವನ್ನು ತಡೆಯುವುದಕ್ಕಾಗಿ ಚಾಸಿಗೆ ಬೆಸೆದ ಸಣ್ಣ ಗೂಟಗಳ ಮೇಲೆ, ಅವು ಹೊರಲೆಂದು ಮಾಡದ ಭಾರವು ಬೀಳುತ್ತದೆ. ಗಾಡಿಯ ತಯಾರಕರೇ ಒಪ್ಪಿದ ಹೊರತು ಇದನ್ನು ಹಾಕಿಸಬಾರದು.

ಹೆವಿ ಡ್ಯೂಟಿ ಎಂಬ ಚೀಟಿ ಅಂಟಿಸಿದ ಷಾಕ್‌ಗಳು ಈ ಬಗೆಗಳಲ್ಲಿಯೇ ಹೆಚ್ಚು ಬಿಗಿಯುಳ್ಳವು. ಹೆಚ್ಚು ಕಿಲೋಮೀಟರುಗಳನ್ನು ಪೂರ್ಣ ಭಾರದೊಡನೆಯೇ ಓಡುವ ಗಾಡಿಗೆ ಅವು ಯೋಗ್ಯವು. ಹೋಗುವಾಗ ತುಂಬಿ ಬರುವಾಗ ಬರಿದಾಗಿ ಓಡುವ ಗಾಡಿಗೆ, ತಯಾರಕರು ಮೊದಲು ಕೊಟ್ಟ ಬಿಗಿಗೆ ಸಮೀಪವಾದುದೇ ಲೇಸು. ಇಲಾಖೆಯು ಯಾವ ಒಂದು ಕಂಪೆನಿಯ ಸರಕನ್ನೂ ಶಿಫಾರಸು ಮಾಡುವುದಿಲ್ಲ. ಗಾಡಿಯ ಮಾದರಿ, ತಯಾರಾದ ವರ್ಷ, ಮುಂದಿನದೋ ಹಿಂದಿನದೋ ಎಂಬ ವಿವರಗಳಿಗೆ ಹೊಂದುವ ನಂಬರು ಪೆಟ್ಟಿಗೆಯ ಮೇಲೆ ಇರಬೇಕು. ರಸೀತಿಯನ್ನೂ ಗ್ಯಾರಂಟಿಯ ಪತ್ರವನ್ನೂ ಪಡೆಯಬೇಕು. ಹಳೆಯದಕ್ಕೆ ಎಣ್ಣೆ ತುಂಬಿ ಬಣ್ಣ ಬಳಿದು ಹೊಸದೆಂದು ಮಾರುವವರಿಂದ ದೂರವಿರಬೇಕು.

7. ಅಳತೆಯ ವಿಚಾರ

ಷಾಕ್ ಪೂರ್ತಿ ಕುಗ್ಗಿದಾಗಿನ ಉದ್ದವೂ ಪೂರ್ತಿ ಚಾಚಿದಾಗಿನ ಉದ್ದವೂ ಗಾಡಿಗೆ ಸರಿಹೊಂದಬೇಕು. ಕುಗ್ಗಿದ ಉದ್ದವು ಹೆಚ್ಚಾಗಿದ್ದರೆ, ಆಕ್ಸಲ್ಲು ಮೇಲಿನ ರಬ್ಬರು ದಿಮ್ಮಿಗೆ ತಾಗುವ ಮೊದಲೇ ಷಾಕ್ ತಳಕ್ಕೆ ಬಡಿದು ಒಡೆಯುತ್ತದೆ. ಚಾಚಿದ ಉದ್ದವು ಕಡಿಮೆಯಾಗಿದ್ದರೆ, ಚಕ್ರವು ಹಳ್ಳಕ್ಕೆ ಇಳಿದಾಗ ಷಾಕ್‌ನ ಕಿವಿಯು ಕಿತ್ತುಬರುತ್ತದೆ. ಕೆಲವು ಗಾಡಿಗಳಲ್ಲಿ ಆಕ್ಸಲ್ಲು ಅತಿಯಾಗಿ ಕೆಳಗಿಳಿಯದಂತೆ ತಡೆಯುವುದೂ ಷಾಕ್ ಆಗಿರುವುದರಿಂದ, ಅತಿ ಉದ್ದದ ಷಾಕ್ ಹಾಕಿದರೆ ಬ್ರೇಕಿನ ರಬ್ಬರು ಕೊಳವೆಯು ಎಳೆದು ಹರಿಯುವ ಅಪಾಯವುಂಟು. ಪಟ್ಟೆ ಸೇರಿಸಿ ಎತ್ತರಿಸಿದ ಗಾಡಿಗೆ ಹಳೆಯ ಅಳತೆಯ ಷಾಕ್ ಹೊಂದುವುದಿಲ್ಲವೆಂಬುದನ್ನೂ ಜ್ಞಾಪಕದಲ್ಲಿಡಬೇಕು.

8. ಕಾಯಿದೆಯ ವಿಚಾರ

ಕಮಾನಿಗೆ ಪಟ್ಟೆ ಸೇರಿಸಿದ ಮಾತ್ರಕ್ಕೆ ಅಥವಾ ಬಿಗಿಯಾದ ಷಾಕ್ ಹಾಕಿದ ಮಾತ್ರಕ್ಕೆ ಗಾಡಿಯು ಹೊರಬಹುದಾದ ತೂಕವು ಹೆಚ್ಚುವುದಿಲ್ಲ. ಬ್ರೇಕು, ಆಕ್ಸಲ್ಲು, ಟೈರು, ಚಾಸಿ ಇವು ಮೊದಲಿನವೇ ಆಗಿರುತ್ತವೆ. ಆರ್.ಸಿ.ಯಲ್ಲಿ ನಮೂದಾದ ತೂಕವೇ ಮಿತಿಯು. 1988ರ ಮೋಟಾರು ವಾಹನಗಳ ಕಾಯಿದೆಯ 194ನೆಯ ಪ್ರಕರಣವು, 2019ರ ತಿದ್ದುಪಡಿಯ ತರುವಾಯ, ಅತಿಭಾರಕ್ಕೆ 20,000 ರೂಪಾಯಿಗಳ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಗಳನ್ನೂ ವಿಧಿಸುತ್ತದೆ. ಅದೇ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೊದಲು ನಿರ್ದೇಶಿಸಿದ ಮತ್ತು ಆರ್.ಸಿ.ಯಲ್ಲಿ ಕಂಡ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಸವೆದ ಷಾಕ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕುವುದು ರಿಪೇರಿಯ ಕೆಲಸವು; ಗಾಡಿಯ ಎತ್ತರವನ್ನೂ ರಚನೆಯನ್ನೂ ಬದಲಾಯಿಸಬೇಕೆಂದಿರುವವರು ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

9. ಜೋಡಿಸುವಾಗ ಗಮನಿಸತಕ್ಕ ಅಂಶಗಳು

ಒಂದು ಆಕ್ಸಲ್ಲಿನ ಎರಡು ಷಾಕ್‌ಗಳನ್ನೂ ಒಟ್ಟಿಗೇ ಬದಲಾಯಿಸಬೇಕು. ಜೋಡಿಯಲ್ಲಿ ಒಂದು ಎಳೆಯ ಎತ್ತು, ಒಂದು ಮುದಿ ಎತ್ತು ಇದ್ದರೆ ನೇಗಿಲು ಹೇಗೆ ಓರೆಯಾಗುವುದೋ ಹಾಗೆಯೇ ಗಾಡಿಯೂ ಒಂದು ಕಡೆಗೆ ಎಳೆಯುವುದು. ಕೆಲಸ ಮಾಡುವಾಗ ಗಾಡಿಯನ್ನು ಬರಿಯ ಜಾಕಿಯ ಮೇಲೆ ನಿಲ್ಲಿಸಬಾರದು. ಭದ್ರವಾದ ಸ್ಟ್ಯಾಂಡುಗಳ ಆಧಾರವಿರಬೇಕು. ಜೋಡಿ ಕೊಳವೆಯ ಷಾಕ್ ಅನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿದರೆ ಒಳಗೆ ಸೇರಿದ ಗಾಳಿಯು ಮೇಲೇರುತ್ತದೆ. ಹೊಳೆಯುವ ಸರಳನ್ನು ಇಕ್ಕುಳದಿಂದ ಹಿಡಿಯಕೂಡದು. ಸಣ್ಣ ಗೀರು ಬಿದ್ದರೂ ಎಣ್ಣೆಯ ಸೀಲು ಕೆಡುವುದು. ರಬ್ಬರು ಬುಷ್ ಇರುವ ಕಿವಿಯ ಬೋಲ್ಟುಗಳನ್ನು, ಗಾಡಿಯು ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ ಪೂರ್ತಿಯಾಗಿ ಬಿಗಿಯಬೇಕು. ಚಕ್ರಗಳು ಜೋಲುತ್ತಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗನೆ ಹರಿಯುತ್ತದೆ. ಗ್ಯಾಸ್ ತುಂಬಿದ ಹಳೆಯ ಷಾಕ್ ಅನ್ನು ಕೊಯ್ಯುವುದು, ಸುಡುವುದು, ಬೆಸೆಯುವುದು ಪ್ರಾಣಾಪಾಯಕರವು.

10. ಫಲವನ್ನು ಅಳೆದು ನೋಡುವ ಪ್ರಯೋಗ

ಹೊಸ ಗೊಬ್ಬರವನ್ನು ಒಂದು ಮಡಿಗೆ ಹಾಕಿ ಪಕ್ಕದ ಮಡಿಯೊಡನೆ ಹೋಲಿಸಿ ನೋಡುವಂತೆಯೇ, ಷಾಕ್‌ನ ಫಲವನ್ನೂ ಹೋಲಿಸಿ ನೋಡಬೇಕು. ಬದಲಾಯಿಸುವ ಮೊದಲಿನ ಒಂದು ಸವಾರಿಯಲ್ಲಿ ಮೂರು ಕ್ರೇಟುಗಳಿಗೆ ಗುರುತು ಹಾಕಿರಿ: ಹಿಂಬದಿಯ ಮೇಲಿನ ಸಾಲಿನದೊಂದು, ನಡುವಿನದೊಂದು, ಮುಂಬದಿಯ ತಳದ್ದೊಂದು. ಪ್ರತಿಯೊಂದರಿಂದ ನೂರು ಹಣ್ಣುಗಳನ್ನು ಮಾರಾಟಕ್ಕೆ ಬಿಡದೆ ನೆರಳಿನಲ್ಲಿಟ್ಟು, ಮಾರನೆಯ ಬೆಳಗ್ಗೆ ಪೆಟ್ಟು ಬಿದ್ದವನ್ನು ಎಣಿಸಿರಿ. ಹೊಸ ಷಾಕ್ ಹಾಕಿದ ಮೇಲೆ, ಅದೇ ಹೊಲದ, ಅದೇ ಹದದ ಹಣ್ಣನ್ನು, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಸಾಗಿಸಿ ಮತ್ತೆ ಎಣಿಸಿರಿ. ಖರ್ಚು ಮಾಡಿದ ಹಣವು ಎಷ್ಟು ಸವಾರಿಗಳಲ್ಲಿ ಹಿಂದಕ್ಕೆ ಬರುವುದೆಂಬುದನ್ನು ಆಗ ನೀವೇ ಲೆಕ್ಕ ಹಾಕಬಹುದು.

ಷಾಕ್ ಎಷ್ಟೇ ಒಳ್ಳೆಯದಾಗಿದ್ದರೂ ಪೇರಿಸುವ ಕ್ರಮವು ತಪ್ಪಿದರೆ ಫಲವಿಲ್ಲ. ಕ್ರೇಟಿನ ಅಂಚಿಗಿಂತ ಮೇಲೆ ಹಣ್ಣನ್ನು ತುಂಬಬಾರದು. ಭಾರವನ್ನು ಮುಂದಿನ ಹಲಗೆಗೆ ಒತ್ತಿ ಜೋಡಿಸುತ್ತಾ ಬಂದು, ಹಿಂದಕ್ಕೆ ಚಾಚಿದ ಭಾಗದಲ್ಲಿ ಸಾಧ್ಯವಾದಷ್ಟು ಕಡಿಮೆ ಇಡಬೇಕು. ಹಗ್ಗವನ್ನು ಬಿಗಿದು, ಸಾಲುಗಳು ಅಲ್ಲಾಡದಂತೆ ಮಾಡಬೇಕು.

ಗ್ರಾಮದ ಮುಖಂಡರಿಗೆ ವಿಜ್ಞಾಪನೆ

ಗಾಡಿಯು ಒಬ್ಬನದಾದರೂ ಅದರಲ್ಲಿ ಹೋಗುವ ಮಾಲು ಅನೇಕರದು. ಅರ್ಧ ಎಕರೆಯಲ್ಲಿ ಬೆಳೆದ ಬಡವನು ಬಾಡಿಗೆ ಕೊಟ್ಟು ನೆರೆಯವನ ಗಾಡಿಯಲ್ಲಿ ತನ್ನ ಇಪ್ಪತ್ತು ಕ್ರೇಟುಗಳನ್ನು ಕಳುಹಿಸುವನು. ಕಡೆಯಲ್ಲಿ ಬಂದವನ ಕ್ರೇಟುಗಳು ಬಹುತೇಕ ಹಿಂಬದಿಯ ಮೇಲಿನ ಸಾಲಿಗೇ ಸೇರುತ್ತವೆ. ಮಾಲೀಕನು ಷಾಕ್‌ನ ಖರ್ಚನ್ನು ಉಳಿಸಿದರೆ, ಅದರ ನಷ್ಟವನ್ನು ತೆರುವವನು ಅವನಲ್ಲ, ಈ ಬಡವನು. ಏತಕ್ಕೆ ಬೆಲೆ ಇಳಿಯಿತೆಂಬುದು ಕೂಡ ಅವನಿಗೆ ತಿಳಿಯದು. ಆದಕಾರಣ ಮುಖಂಡರು ಫಸಲಿನ ಕಾಲಕ್ಕೆ ಮೊದಲು ಊರಿನ ಬಾಡಿಗೆ ಗಾಡಿಗಳ ಮಾಲೀಕರನ್ನು ಒಂದು ದಿನ ಸೇರಿಸಿ, ಮೇಲೆ ಹೇಳಿದ ಪರೀಕ್ಷೆಗಳನ್ನು ಎಲ್ಲರೆದುರಿಗೆ ಮಾಡಿಸಿದರೆ ಬಹಳ ಉಪಕಾರವಾಗುವುದು. ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿಗೆ ಕ್ರೇಟಿಗೆ ಸ್ವಲ್ಪ ಹೆಚ್ಚು ಬಾಡಿಗೆಯನ್ನು ಬೆಳೆಗಾರರು ಒಪ್ಪಿ ಕೊಡುವುದೂ ನ್ಯಾಯವೇ.

ಸಾರಾಂಶ

1. ಕಮಾನು ಭಾರವನ್ನು ಹೊರುತ್ತದೆ. ಷಾಕ್ ಕುಣಿತವನ್ನು ಅಡಗಿಸುತ್ತದೆ. ಒಂದರ ದೋಷಕ್ಕೆ ಇನ್ನೊಂದನ್ನು ಬದಲಾಯಿಸಬೇಡಿರಿ.

2. ಮೊದಲು ಟೈರಿನ ಗಾಳಿ, ಕಮಾನು, ಬುಷ್ ಇವುಗಳನ್ನು ನೋಡಿ, ಆಮೇಲೆ ಷಾಕ್ ಕೊಳ್ಳಿರಿ.

3. ಅಪರೂಪದ ಅತಿಭಾರಕ್ಕಲ್ಲ, ಗಾಡಿಯು ಹೆಚ್ಚು ದೂರ ಹೊತ್ತು ಓಡುವ ಭಾರಕ್ಕೆ ತಕ್ಕುದನ್ನು ಆರಿಸಿರಿ.

4. ಅಳತೆಯು ಸರಿಯಾಗಿರಲಿ, ಜೋಡಿಯಾಗಿಯೇ ಬದಲಾಯಿಸಿರಿ, ಆರ್.ಸಿ.ಯ ತೂಕವನ್ನು ಮೀರದಿರಿ.

5. ಹಿಂಬದಿಯ ಮೇಲಿನ ಕ್ರೇಟಿನ ಹಣ್ಣನ್ನು ಎಣಿಸಿ ಫಲವನ್ನು ನಿಶ್ಚಯಿಸಿರಿ.